ಸರಾಸರಿ ನಾಲ್ಕು ಹಲ್ಲು

ಯತೀಶನ ಸಂಕಟಕ್ಕೆಲ್ಲ ಮೂಲ ಇಪ್ಪತ್ತು ಪಟ್ಟಿಗಳು. ಕೈಗಡಿಯಾರದ ಹಾಗೆ ಮಣಿಕಟ್ಟಿಗೆ ಕಟ್ಟಿಕೊಂಡರೆ ದಿನಕ್ಕೆ ಎಷ್ಟು ಹೆಜ್ಜೆ ನಡೆದಿರಿ ಎಂದು ಎಣಿಸುವ ಕಪ್ಪು ರಬ್ಬರಿನ ಪಟ್ಟಿಗಳು. ಅವುಗಳನ್ನು ಅವನು ತನ್ನ ಕೈಯಾರೆ ಇಪ್ಪತ್ತು ಜನರ ಕೈಗೆ ಕಟ್ಟಬೇಕಿತ್ತು. ಕಟ್ಟಲಿಲ್ಲ. ಕಟ್ಟಿದ್ದೇನೆ ಎಂದು ಮಾತ್ರ ವಿಶ್ವವಿದ್ಯಾಲಯದ ಕಾಗದದ ಮೇಲೆ ಇಪ್ಪತ್ತು ಸಲ ಸಹಿ ಹಾಕಿದ್ದ.

ಯತೀಶ ಆರೋಗ್ಯ ವಿಜ್ಞಾನದ ಆನರ್ಸ್ ವಿದ್ಯಾರ್ಥಿ. ಮೂರೇ ವರ್ಷಕ್ಕೆ ಡಿಗ್ರಿ ಕೊಟ್ಟು ಕಳಿಸುತ್ತೇವೆ ಎಂದು ವಿಶ್ವವಿದ್ಯಾಲಯ ಹೇಳಿದರೂ ಕೇಳದೆ, ನಾಲ್ಕನೆಯದನ್ನು ಸಂಶೋಧನಾ ವರ್ಷ ಎಂದು ಹಿಡಿದುಕೊಂಡು ಕೂತಿದ್ದ. ಸಂಶೋಧನೆಯ ಮೇಲೆ ಅವನಿಗೆ ಅಂಥ ಪ್ರೀತಿಯಿತ್ತೆಂದು ಯಾರೂ ತಪ್ಪು ತಿಳಿಯಬೇಡಿ. ಅವನ ಮನೆಯವರು ಬಳ್ಳಿಗಾವಿ ಹತ್ತಿರದ ಕುರಿಯವರು. ಓದು ಮುಗಿದ ಮಾರನೇ ದಿನವೇ ಕೇರಿಯ ಕುರಿಹಿಂಡು ಯತೀಶನ ಪಾಲಿಗೆ ಎಂದು ಅವನ ಅಜ್ಜ ಚಿಕ್ಕಬೀರಪ್ಪ ಹತ್ತು ಜನರ ಮುಂದೆ ಹೇಳಿಬಿಟ್ಟಿದ್ದ. ಸದ್ಯಕ್ಕೆ ಹಿಂಡು ಕಾಯುತ್ತಿದ್ದವನು ದೊಡ್ಡಪ್ಪನ ಮಗ ಮಾಳೇಶ. ಶಿರಾಳಕೊಪ್ಪದಲ್ಲಿ ಮೊಬೈಲ್ ರಿಪೇರಿ ಅಂಗಡಿ ಹಾಕಲು ತುದಿಗಾಲ ಮೇಲೆ ನಿಂತಿದ್ದ ಮಾಳೇಶ, ಯತೀಶ ಸಿಕ್ಕಾಗಲೆಲ್ಲ, "ಎಷ್ಟ್ ದಿನ ಉಳೀತಪಾ ನಿನ್ ಓದು?" ಎಂದು ಕೇಳುತ್ತಿದ್ದ. ಬಿಸಿಲಲ್ಲಿ ಕುರಿ ಹಿಂದೆ ತಿರುಗುವುದನ್ನು ನೆನೆಸಿಕೊಂಡರೇ ಯತೀಶನಿಗೆ ಮೈ ಬಿಸಿಯಾಗುತ್ತಿತ್ತು. ಆನರ್ಸ್ ಮುಗಿದರೆ ಪಿಎಚ್.ಡಿ. ಇದೆ, ಅದು ಐದು ವರ್ಷ, ಅಷ್ಟರಲ್ಲಿ ಅಜ್ಜ ಕುರಿಯನ್ನೆಲ್ಲ ಮಾರಿರುತ್ತಾನೆ ಎಂಬುದು ಅವನ ಜೀವನದ ಯೋಜನೆಯಾಗಿತ್ತು.

ಅವನ ಸಂಶೋಧನೆಯ ವಿಷಯ ಕುರಿ ಸಾಕುವ ಮನೆಯವರ ದಿನನಿತ್ಯದ ನಡಿಗೆ ಮತ್ತು ಸಕ್ಕರೆ ಕಾಯಿಲೆ. ಸೊರಬ ತಾಲೂಕಿನ ಉಳವಿಯ ಮೈತ್ರಿ ಅವನ ಸಹಪಾಠಿ. ಅವಳದು ಭತ್ತ, ಅಡಿಕೆ ಬೆಳೆಯುವವರ ನಡಿಗೆ. ಗೈಡ್ ಡಾ. ಶ್ರೀನಿವಾಸ ಇಬ್ಬರಿಗೂ ಇಪ್ಪತ್ತಿಪ್ಪತ್ತು ಪಟ್ಟಿ ಕೊಟ್ಟಿದ್ದರು. ಪಟ್ಟಿ ಎಣಿಸಿದ್ದೆಲ್ಲ ಆಗಿಂದಾಗಲೇ ಅವರ ಮೊಬೈಲಿಗೆ ಹೋಗುವ ಏರ್ಪಾಡಿತ್ತು.

ಪಟ್ಟಿ ಕಟ್ಟಬೇಕಾದ ದಿನ ಮೈತ್ರಿ ಫೋನ್ ಮಾಡಿ, "ನಮ್ಮೂರೋರು ನನ್ನ ಮಾತು ಎಲ್ಲಿ ಕೇಳ್ತ್ರು ಮಾರಾಯ? ಒಂದು ದಿನ ಬಂದು ಹೋಗ್ತ್ಯನಾ?" ಎಂದಳು. ಮೈತ್ರಿ ಕೇಳಿದ್ದಕ್ಕೆ ಇಲ್ಲವೆನ್ನುವ ಶಕ್ತಿ ದೇವರು ಯತೀಶನಿಗೆ ಕೊಟ್ಟಿರಲಿಲ್ಲ. ತನ್ನ ಪಟ್ಟಿಗಳ ಚೀಲವನ್ನೂ ಫಾರಂಗಳ ಕಟ್ಟನ್ನೂ ಅಜ್ಜನ ಮಡಿಲಿಗೆ ಹಾಕಿ, "ಅಜ್ಜಾ, ಮನೆಗೊಂದೋ ಎರಡೋ ಕಟ್ಟು. ಫಾರಂ ಮೇಲೆ ಹೆಸ್ರು ಬರ್ಸು. ಏಳ್ ದಿನ ಬಿಚ್ಚಂಗಿಲ್ಲ," ಎಂದು ಕೂಗುತ್ತ ಬಸ್ಸು ಹತ್ತಿದ. ಉಳವಿಯಲ್ಲಿ ಎರಡು ದಿನ ನಿಂತು ಮೈತ್ರಿಯ ಇಪ್ಪತ್ತೂ ಪಟ್ಟಿಗಳನ್ನು ಇಪ್ಪತ್ತು ಜನರ ಕೈಗೆ ನಿಯಮಬದ್ಧವಾಗಿ ಕಟ್ಟಿ, ಅವಳ ಅಮ್ಮ ಯಮುನಮ್ಮ ಮಾಡಿದ ಕಡುಬು ತಿಂದು, ಅಲ್ಲಿಂದ ನೆಟ್ಟಗೆ ಹಾಸ್ಟೆಲಿಗೆ ಹೋದ. ಫಾರಂಗಳ ಉತ್ತರಗಳನ್ನು ಅಜ್ಜನಿಂದ ಫೋನಿನಲ್ಲೇ ಕೇಳಿ ಬರೆದುಕೊಂಡ.

ಎಂಟನೇ ದಿನ ಬೆಳಗ್ಗೆ ಎಂಟಕ್ಕೆ, ಪಟ್ಟಿ ವಾಪಸು ಪಡೆಯಲು ಊರಿಗೆ ಬಂದು ಹಲ್ಲುಜ್ಜುತ್ತಿದ್ದ ಯತೀಶನಿಗೆ ಗೈಡಿನ ಫೋನ್ ಬಂತು.

"ಯತೀಶ, ನಿನ್ನ ಜನರ ಲೆಕ್ಕ ನೋಡಿದೆ ಕಣಯ್ಯ. ದಿನಕ್ಕೆ ಸರಾಸರಿ ಇಪ್ಪತ್ತೆರಡು ಸಾವಿರ ಹೆಜ್ಜೆ! ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲರೂ ಒಟ್ಟಿಗೆ ನಿಲ್ತಾರೆ, ಎರಡಕ್ಕೆ ಎಲ್ಲರೂ ಒಟ್ಟಿಗೆ ಹೊರಡ್ತಾರೆ. ಮಂಗಳವಾರ ಬೆಳಗ್ಗೆ ಐದೂಕಾಲಿಗೆ ಇಪ್ಪತ್ತೂ ಜನ ಎದ್ದು ಹತ್ತು ನಿಮಿಷ ಓಡಿ ಮತ್ತೆ ಮಲಗಿದ್ದಾರೆ. ಎಂಥ ಶಿಸ್ತಯ್ಯ ನಿಮ್ಮೂರಲ್ಲಿ!"

"ಹೌದು ಸರ್," ಎಂದ ಯತೀಶ ಬಾಯಿತುಂಬ ನೊರೆ ತುಂಬಿಕೊಂಡು. ತನ್ನ ಊರಿನ ಬಗ್ಗೆ ಅವನಿಗೆ ಆ ಕ್ಷಣ ಹೆಮ್ಮೆಯೇ ಆಯಿತು.

"ಇವತ್ತು ಉಳವಿಗೆ ಬಂದಿದ್ದೀನಿ. ಮೈತ್ರಿ ಕೆಲಸ ನೋಡ್ಕೊಂಡು, ಅವಳನ್ನೂ ಕರ್ಕೊಂಡು ಹನ್ನೆರಡೂವರೆಗೆ ಅಲ್ಲಿಗೆ ಬರ್ತೀನಿ. ಇಪ್ಪತ್ತೂ ಜನರನ್ನ ಒಂದು ಕಡೆ ನಿಲ್ಲಿಸಿರು. ಕೈಗೆ ಪಟ್ಟಿ ಇರಲಿ. ಅವರನ್ನ ನೋಡ್ಲೇಬೇಕು."

ಯತೀಶ ಬಾಯಿ ಮುಕ್ಕಳಿಸಿ ಜಗುಲಿಗೆ ಬಂದ. ಅಜ್ಜ ಚಹಾ ಕುಡಿಯುತ್ತ ಕೂತಿದ್ದ. ಅವನ ಎರಡೂ ಮಣಿಕಟ್ಟು ಖಾಲಿ ಇದ್ದವು.

"ಅಜ್ಜಾ, ನಿನ್ ಪಟ್ಟಿ ಎಲ್ಲಿ?"

"ಈಗೆಲ್ಲೈತೋ ಏನೋ. ಕೆರೆ ಏರಿ ಹಿಂದ್ಗಡೆ ಗೋವಿನಜೋಳ ಮುರಿದ ಹೊಲದಾಗೆ ಮೇಯ್ತಿರ್ಬೇಕು."

"ಪಟ್ಟಿ ಮೇಯ್ತೈತಾ?"

"ಪಟ್ಟಿ ಯಾಕ್ ಮೇಯ್ತೈತಲೇ? ಟಗರು ಮೇಯ್ತೈತೆ. ಪಟ್ಟಿ ಅದರ ಕಾಲಾಗೈತೆ."

ಯತೀಶ ಜಗುಲಿಯ ಮೇಲೆ ಮೆಲ್ಲಗೆ ಕೂತ. "ಉಳಿದ ಹತ್ತೊಂಬತ್ತು?"

"ಅವೂ ಅಲ್ಲೇ ಅದಾವೆ. ಒಂದೂ ಬಿಚ್ಚಿಲ್ಲ ನೋಡು," ಎಂದ ಅಜ್ಜ ಬಿಗುಮಾನದಿಂದ. "ಸರ್ಕಾರದ ಕೆಲ್ಸ ಅಂತ ಬಡಕಲು ಕುರಿಗೆ ಕಟ್ಟಿಲ್ಲ. ಆರಿಸಿ ಆರಿಸಿ ಗಟ್ಟಿಮುಟ್ಟು ಕುರಿಗೇ ಕಟ್ಟೀನಿ."

"ಅಜ್ಜಾ, ಅದು ಮನುಷ್ಯರಿಗೆ ಕಟ್ಟೋದು! ಫಾರಂ ಮೇಲೆ ಚಿಕ್ಕಬೀರಪ್ಪ ಅಂತ ನಿನ್ ಹೆಸ್ರು ಬರ್ಸೀಯಲ್ಲ?"

"ಮತ್ಯಾರ ಹೆಸ್ರು ಬರೀಬೇಕಿತ್ತು, ಟಗರಿಂದಾ?" ಅಜ್ಜನಿಗೂ ಸಿಟ್ಟು ಬಂತು. "ಹೋದ್ ವರ್ಷ ಪಶು ಆಸ್ಪತ್ರಿಯೋರು ಬಂದು ವಿಮೆ ಮಾಡಿದ್ರು. ಫಾರಂ ಮೇಲೆ ನನ್ ಹೆಸ್ರು, ನಂಬರ್ ಬಿಲ್ಲೆ ಕುರಿ ಕಿವಿಗೆ. ಅದರ ಹಿಂದಿನ್ ವರ್ಷ ಇಂಜಕ್ಷನ್ ಕೊಟ್ರು. ಹೆಸ್ರು ನಂದು, ಸೂಜಿ ಕುರಿಗೆ. ಈಗ ನೀನು ಆರೋಗ್ಯ ಅಂತ ಬಂದಿ, ಫಾರಂ ಕೊಟ್ಟಿ, ನಂಬರ್ ಇರೋ ಪಟ್ಟಿ ಕೊಟ್ಟಿ. ಹೆಸ್ರು ಬರ್ದಿದ್ದಕ್ಕೆಲ್ಲ ನಾನೇ ಕಟ್ಕಂಬೇಕು ಅಂದ್ರೆ, ಇಷ್ಟೊತ್ತಿಗೆ ನನ್ ಕಿವೀಲಿ ಎಂಟು ಬಿಲ್ಲೆ ಇರ್ಬೇಕಿತ್ತು."

 ಯತೀಶನಿಗೆ ಈಗ ಒಂದೊಂದೇ ನೆನಪಾಗತೊಡಗಿತು. ಅಜ್ಜ ಫೋನಿನಲ್ಲಿ ಹೇಳಿದ್ದ ವಯಸ್ಸುಗಳು ಮೂರು, ನಾಲ್ಕು, ಐದು. ಅಜ್ಜನ ಕಣ್ಣು ಮಂಜಾಗಿ ಒಂದು ಸೊನ್ನೆ ಬಿಟ್ಟಿದ್ದಾನೆಂದು ಯತೀಶನೇ ಎಲ್ಲಕ್ಕೂ ಸೊನ್ನೆ ಸೇರಿಸಿದ್ದ. ಅಜ್ಜನ ನಾಲ್ಕನ್ನು ಮಾತ್ರ ಎಪ್ಪತ್ನಾಲ್ಕು ಮಾಡಿದ್ದ. ಆಹಾರ: ಹಸಿ ಸೊಪ್ಪು, ದಿನಕ್ಕೆ ನಾಲ್ಕು ಕೆಜಿ. ಅದನ್ನು 'ಸೊಪ್ಪು ತರಕಾರಿ ಯಥೇಚ್ಛ' ಎಂದು ತಿದ್ದಿದ್ದ. ಕೆಲವು ಗಂಡಸರ ಹೆಸರಿನ ಮುಂದೆ ಎರಡು ಹೆರಿಗೆ ಎಂದಿದ್ದುದನ್ನು ಹೆಂಡತಿಯ ಲೆಕ್ಕಕ್ಕೆ ಹಾಕಿದ್ದ. ಹಲ್ಲು ಎಷ್ಟು ಎಂದಲ್ಲಿ ಎರಡು, ನಾಲ್ಕು, ಆರು ಎಂದು ಬಂದಿತ್ತು. ಕುರಿಗೆ ಪ್ರಾಯ ಎಷ್ಟಾಯಿತೆಂದು ಹಲ್ಲು ನೋಡಿ ಹೇಳುವ ಮನೆಯಲ್ಲೇ ಹುಟ್ಟಿ ಬೆಳೆದವನು, ಅದನ್ನೆಲ್ಲ ಮರೆತು, 'ಸರಾಸರಿ ನಾಲ್ಕು ಹಲ್ಲು. ಈ ಭಾಗದ ಜನರ ಬಾಯಿಯ ಆರೋಗ್ಯ ಶೋಚನೀಯ' ಎಂದು ವರದಿ ಬರೆದು ಕಳಿಸಿದ್ದ.

"ನನ್ ಕುರಿ ಹದಿನೇಳನೇ ನಂಬರಪಾ. ಅದರ ರಿಪೋರ್ಟ್ ಬಂತಾ?" ಎಂದು ಗೋಡೆಯಾಚೆಯಿಂದ ದನಿ ಬಂತು. ಪಕ್ಕದ ಮನೆಯ ವೀರಮ್ಮ. ಕೇರಿಯ ಯಾವ ಮನೆಯಲ್ಲಿ ಏನೇ ನಡೆದರೂ ಅದು ತನ್ನ ಮನೆಯದೇ ಎಂದು ತಿಳಿಯುವ ದೊಡ್ಡ ಮನಸ್ಸಿನವಳು. "ಎಂಟು ದಿನದಿಂದ ಕೆಮ್ತೈತೆ ಕಣಪ್ಪ ಅದು."

"ವೀರಮ್ಮತ್ತೆ, ನನ್ ಕಥೆ ಮುಗೀತು," ಎಂದ ಯತೀಶ ಅಳುವ ದನಿಯಲ್ಲಿ. "ಸುಳ್ಳು ಸಹಿ ಹಾಕೀನಿ ಅಂತ ಗೊತ್ತಾದ್ರೆ ಆನರ್ಸಿಂದ ತೆಗೆದುಹಾಕ್ತಾರೆ. ನಾಳೆಯಿಂದ ಕುರಿ ಕಾಯೋದೇ."

"ಕುರಿ ಕಾಯದೇನು ಕಳ್ತನಾನಾ?" ಎಂದು ಅಜ್ಜ ಗದರಿದ. ವೀರಮ್ಮ ಅಷ್ಟರಲ್ಲಿ ಗೋಡೆ ಸುತ್ತಿ ಒಳಗೇ ಬಂದಿದ್ದಳು. ವಿಷಯವೆಲ್ಲ ಕೇಳಿ, ಒಂದು ಚಿಟಿಕೆ ಹೊಗೆಸೊಪ್ಪು ಬಾಯಿಗಿಟ್ಟುಕೊಂಡು ತೀರ್ಪು ಕೊಟ್ಟಳು.

"ಇಷ್ಟಕ್ಕೆ ಅಳ್ತಾರೇನಪ್ಪಾ? ಹನ್ನೆರಡೂವರೆಗೆ ತಾನೆ ಬರೋದು? ಕುರಿ ಕಾಲಿಂದ ಬಿಚ್ಕಂಬಂದು ನಮ್ ಕೈಗೆ ಕಟ್ಕಂಡ್ರಾತು. ಪಟ್ಟಿ ಬಾಯ್ಬಿಟ್ಟು ಹೇಳ್ತೈತಾ?"

ಕೆರೆ ಏರಿಯ ಹಿಂದಿನ ಹೊಲದಲ್ಲಿ ಕೇರಿಯ ನೂರಾರು ಕುರಿಗಳು ಒಂದೇ ಹಿಂಡಾಗಿ ಮೇಯುತ್ತಿದ್ದವು. ಮಾಳೇಶ ಜಾಲಿ ಮರದಡಿ ಮೊಬೈಲು ನೋಡುತ್ತ ಮಲಗಿದ್ದ.

"ಅಣ್ಣಾ, ಸ್ವಲ್ಪ ಕುರಿ ಹಿಡ್ಕೊಡು."

"ನಾನ್ಯಾಕಪಾ ಹಿಡೀಲಿ?" ಎಂದ ಮಾಳೇಶ ಮಗ್ಗುಲಾಗುತ್ತ. ಅವನಿಗೆ ಸುದ್ದಿ ಆಗಲೇ ಮುಟ್ಟಿತ್ತು. "ನೀನು ಫೇಲಾದ್ರೆ ನನ್ ಅಂಗಡಿ ಓಪನಿಂಗು. ನೀನೇ ಹಿಡಿ. ಹೆಂಗೂ ಕಲೀಬೇಕಲ್ಲ."

ಮೂರು ವರ್ಷ ಹಾಸ್ಟೆಲಿನಲ್ಲಿ ಇದ್ದವನು ಬರಿಗೈಯಲ್ಲಿ ಕುರಿ ಹಿಡಿಯಲು ಹೋದ. ಅವನು ಒಂದು ಕುರಿಯ ಕಾಲಿಗೆ ಕೈ ಹಾಕಿದ ಕೂಡಲೇ ಹಿಂಡು ಹಿಂಡೇ ಎದ್ದು ಓಡಿತು. ಅವನೂ ಓಡಿದ. ಅವನ ಹಿಂದೆ ವೀರಮ್ಮ, ವೀರಮ್ಮನ ಹಿಂದೆ ಕೇರಿಯ ಹತ್ತಾರು ಜನ, ಒಬ್ಬೊಬ್ಬರೂ ತಂತಮ್ಮ ಕುರಿಯನ್ನು ಹೆಸರು ಹಿಡಿದು ಕರೆಯುತ್ತ ಓಡಿದರು. ಜೋಳದ ಕೂಳೆ ಚುಚ್ಚಿ ಯತೀಶನ ಚಪ್ಪಲಿ ಕಿತ್ತುಹೋಯಿತು. ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

"ಯತೀಶ, ಏನಯ್ಯಾ ಇದು? ಈಗ ನೋಡ್ತಾ ಇದ್ದೀನಿ, ಇಪ್ಪತ್ತೂ ಜನ ಓಡ್ತಾ ಇದ್ದಾರೆ! ಎಪ್ಪತ್ನಾಲ್ಕು ವರ್ಷದ ಚಿಕ್ಕಬೀರಪ್ಪನವರು ಎಲ್ಲರಿಗಿಂತ ಮುಂದಿದ್ದಾರೆ!"

"ಸರ್... ನೀವು ಬರ್ತೀರಿ ಅಂತ... ಸಂತೋಷಕ್ಕೆ ಸರ್," ಎಂದ ಯತೀಶ ಏದುಸಿರು ಬಿಡುತ್ತ.

"ಭಲೇ! ಅರೆ, ಹದಿನೇಳನೇ ನಂಬರಿನವರು ನಿಂತುಬಿಟ್ರಲ್ಲ, ಏನಾಯ್ತು?"

ಯತೀಶ ತಿರುಗಿ ನೋಡಿದ. ವೀರಮ್ಮನ ಕುರಿ ಬದುವಿನ ಮೇಲೆ ನಿಂತಿತ್ತು. "ಕೆಮ್ಮು ಸರ್," ಎಂದ. ಗೈಡಿಗೆ ಅವನು ಅದುವರೆಗೆ ಹೇಳಿದ್ದರಲ್ಲಿ ಅದೊಂದೇ ನಿಜ.

ಹನ್ನೊಂದೂವರೆ ಹೊತ್ತಿಗೆ ಹತ್ತೊಂಬತ್ತು ಪಟ್ಟಿ ಕೈಗೆ ಬಂದವು. ಇಪ್ಪತ್ತನೆಯದು ಅಜ್ಜನ ಟಗರಿನ ಕಾಲಲ್ಲಿತ್ತು. ಅದನ್ನು ಹಿಡಿಯಲು ಹೋದಾಗ ಅದು ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ತಲೆ ತಗ್ಗಿಸಿ, ಓಡಿಬಂದು ಗುದ್ದಿತು. ಯತೀಶ ಕೆರೆಯ ಅಂಚಿನ ಕೆಸರಿನಲ್ಲಿ ಕೂತೇ ಅದಕ್ಕೆ ಕೈಮುಗಿದ. ಮಾಳೇಶ ಮರದಡಿಯಿಂದ ಈ ದೃಶ್ಯವನ್ನು ವೀಡಿಯೋ ಮಾಡಿಕೊಂಡ.

ಊರೊಳಗೆ ಇನ್ನೊಂದು ರಗಳೆ. ಪಟ್ಟಿಗಳಲ್ಲಿ ಉಣ್ಣೆ, ಹಿಕ್ಕೆ, ಮುಳ್ಳು ಎಲ್ಲ ಸಿಕ್ಕಿಕೊಂಡಿದ್ದವು. ಬಟ್ಟೆ ಸೋಪು ಹಾಕಿ ಉಜ್ಜಿದರೂ ವಾಸನೆ ಹೋಗಲಿಲ್ಲ. ತನ್ನ ಕುರಿ ಕಟ್ಟಿದ್ದನ್ನು ಬೇಕಾದರೆ ಕಟ್ಟಿಕೊಂಡೇನು, ಇನ್ನೊಬ್ಬರ ಕುರಿಯದು ಯಾಕೆ ಎಂದು ಒಬ್ಬೊಬ್ಬರೂ ಹಟ ಹಿಡಿದದ್ದರಿಂದ ನಂಬರು ಹುಡುಕಿ ಕಟ್ಟುವಷ್ಟರಲ್ಲಿ ಹನ್ನೆರಡಾಯಿತು. ಅಜ್ಜನ ಕೈಗೆ ಹಳೇ ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಕಟ್ಟಿದರು.

ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ ಯತೀಶನಿಗೆ ಹಲ್ಲು ನೆನಪಾಯಿತು. ಎದುರಿಗೆ ಕೂತ ಇಪ್ಪತ್ತು ಜನರ ಬಾಯನ್ನು ದಿಟ್ಟಿಸಿ ನೋಡಿದ. ಜೋಳದ ರೊಟ್ಟಿ ತಿಂದು ಬೆಳೆದ ಹಲ್ಲುಗಳು. ಒಂದೊಂದೂ ಗೋಡೆಗೆ ಹೊಡೆದ ಗೂಟದಂತೆ ನಿಂತಿದ್ದವು.

"ಯಾರೂ ಬಾಯಿ ಬಿಡಬಾರ್ದು!" ಎಂದು ಕೂಗಿದ. "ನಿಮಗೆಲ್ಲ ನಾಲ್ಕೇ ಹಲ್ಲು ಅಂತ ಬರ್ದು ಕಳಿಸೀನಿ. ಸಾಹೇಬ್ರು ಏನ್ ಕೇಳಿದ್ರೂ ಹ್ಞೂಂ ಅನ್ರಿ, ಅಷ್ಟೆ."

"ಎಷ್ಟೊತ್ತಪಾ?" ಎಂದಳು ವೀರಮ್ಮ ಗಾಬರಿಯಿಂದ. ಅರವತ್ತು ವರ್ಷದಲ್ಲಿ ಅವಳಿಗೆ ಅಂಥ ಕಷ್ಟ ಬಂದಿರಲಿಲ್ಲ.

ಹನ್ನೆರಡೂವರೆಗೆ ಸರಿಯಾಗಿ ಜೀಪು ಬಂತು. ಡಾ. ಶ್ರೀನಿವಾಸ ಗಿಡ್ಡಕ್ಕೆ, ದುಂಡಗೆ ಇದ್ದರು. ಜೀಪಿನಿಂದ ಇಳಿದದ್ದಕ್ಕೇ ಅವರಿಗೆ ಮೇಲುಸಿರು ಬಂದಿತ್ತು. ಜೊತೆಗೆ ಮೈತ್ರಿ. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಇಪ್ಪತ್ತು ಜನ ಸಾಲಾಗಿ ಕೂತಿದ್ದರು. ಗಂಡಸರು ಟವೆಲಿನಿಂದ, ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

"ನಮಸ್ಕಾರ," ಎಂದರು ಡಾಕ್ಟರು.

"ಹ್ಞೂಂ," ಎಂದಿತು ಕಟ್ಟೆ.

"ದಿನಾ ಎಷ್ಟು ದೂರ ನಡೀತೀರಮ್ಮಾ?"

"ಹ್ಞೂಂ," ಎಂದಳು ವೀರಮ್ಮ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಮೈತ್ರಿ ಯತೀಶನ ಪಕ್ಕ ಬಂದು, "ಎಂತ ಮಾರಾಯ, ನಿಮ್ಮೂರಿಗೆಲ್ಲ ಒಟ್ಟಿಗೇ ಹಲ್ಲುನೋವನಾ? ಮತ್ತೆ ನಿನ್ನ ಪ್ಯಾಂಟಿಗೆಂತ ಆತು?" ಎಂದು ಪಿಸುಗುಟ್ಟಿದಳು. ಯತೀಶ ಕೆಸರನ್ನು ಒರೆಸಿಕೊಳ್ಳುತ್ತ, "ಸುಮ್ನಿರೇ," ಎಂದ. ಅವಳ ಎದುರಿಗೆ ಹೀಗೆ ನಿಲ್ಲಬೇಕಾಯಿತಲ್ಲ ಎಂದು ಅಂಗಿಯನ್ನು ಕೆಳಗೆಳೆದುಕೊಂಡ.

ಆಗ ಬಂದಳು ನಿಂಗಮ್ಮಜ್ಜಿ. ಇವಳು ಯತೀಶನ ಅಜ್ಜಿ. ಬೆಳಗಿನಿಂದ ಒಲೆಯ ಮುಂದಿದ್ದ ಅವಳಿಗೆ ಹಲ್ಲಿನ ವಿಷಯ ಯಾರೂ ಹೇಳಿರಲಿಲ್ಲ. ಊರಿಗೆ ದೊಡ್ಡವರು ಬಂದಾಗ ಬರಿಬಾಯಲ್ಲಿ ಕೂರಿಸುವುದುಂಟೇ ಎಂದು ಒಂದು ಮೊರದ ತುಂಬ ಬಿಸಿಬಿಸಿ ಹುರಿದ ಶೇಂಗಾ, ಅಚ್ಚು ಬೆಲ್ಲ ತಂದು ಕಟ್ಟೆಯ ನಡುವೆ ಇಟ್ಟಳು.

"ತಗಳ್ರಿ ಸಾಹೇಬ್ರೇ. ತಗಳ್ರಲೇ ಎಲ್ಲಾರೂ!"

ಹಸಿದ ಹೊತ್ತು, ಬೆಳಗಿನಿಂದ ಕುರಿ ಅಟ್ಟಿದ ಮೈ. ಮೊದಲ ಕೈ ಅಜ್ಜನದೇ ಹೋಯಿತು. ಆಮೇಲೆ ಉಳಿದ ಹತ್ತೊಂಬತ್ತೂ ಕೈಗಳು. ಬಾಯಿ ತೆರೆಯದೆ ಶೇಂಗಾ ತಿನ್ನಬಹುದು, ಸದ್ದಿಲ್ಲದೆ ತಿನ್ನಲಾಗುವುದಿಲ್ಲ. ಟವೆಲುಗಳ ಹಿಂದಿನಿಂದ ಕಟಕಟ, ಕಟಕಟ ಎಂದು ಶುರುವಾದದ್ದು ಬರಬರುತ್ತ ರೈಸ್‌ಮಿಲ್ಲಿನಷ್ಟು ಜೋರಾಯಿತು. ಡಾಕ್ಟರು ಕಿವಿಗೊಟ್ಟು ಕೇಳುತ್ತ ನಿಂತರು.

"ಲೇ ಚಿಕ್ಕಬೀರಣ್ಣ, ಬೆಲ್ಲ ಎಲ್ಲಾ ನೀನೇ ಬಾಚ್ಕಂಡ್ರೆ ಉಳಿದೋರೇನು ಮಣ್ಣು ತಿನ್ಬೇಕಾ?" ಎಂದು ವೀರಮ್ಮ ಒಮ್ಮೆಲೇ ಸಿಡಿದಳು. ಸೆರಗು ಜಾರಿತು.

ಡಾಕ್ಟರು ಬಗ್ಗಿ ನೋಡಿದರು. "ಏನಮ್ಮಾ, ಮೂವತ್ತೆರಡೂ ಇವೆಯಲ್ಲ?"

ವೀರಮ್ಮ ಸೆರಗು ಮೇಲೆಳೆದುಕೊಂಡಳು. "ಇವತ್ ಬೆಳಿಗ್ಗೆ ಬಂದ್ವು ಸಾಹೇಬ್ರೇ," ಎಂದಳು.

 ಡಾಕ್ಟರು ಮೊಬೈಲು ತೆಗೆದು ಅಜ್ಜನ ಮುಂದೆ ನಿಂತರು. "ಚಿಕ್ಕಬೀರಪ್ಪನವರೇ, ನೀವು ಇಲ್ಲಿ ಕೂತು ಶೇಂಗಾ ತಿಂತಾ ಇದ್ದೀರಿ. ಇದರಲ್ಲಿ ನೋಡಿದ್ರೆ ನೀವು 'ಈಗ ನಡೆಯುತ್ತಿದ್ದಾರೆ' ಅಂತ ಬರ್ತಾ ಇದೆ. ಇನ್ನೂರು ಹೆಜ್ಜೆ... ಇನ್ನೂರಿಪ್ಪತ್ತು..."

ಅಜ್ಜ ಮೊಮ್ಮಗನ ಮುಖ ನೋಡಿದ. ಮಂಡಿನೋವನ್ನೂ ಮರೆತು ಎದ್ದು, ನಿಂತಲ್ಲೇ ಕವಾಯತಿನವರ ಹಾಗೆ ಕಾಲು ಎತ್ತಿ ಎತ್ತಿ ಹಾಕತೊಡಗಿದ. ಆದರೆ ಮೊಬೈಲಿನ ಲೆಕ್ಕ ಅವನಿಗಿಂತ ವೇಗವಾಗಿ ಓಡುತ್ತಿತ್ತು. ಮುನ್ನೂರು. ಮುನ್ನೂರ ಐವತ್ತು. ಅದೇ ಹೊತ್ತಿಗೆ ಕೇರಿಯ ತಿರುವಿನಲ್ಲಿ ಗಂಟೆ ಸದ್ದಾಯಿತು. ಎಂದೂ ಸಂಜೆ ಆರಕ್ಕೆ ಮೊದಲು ಹಿಂಡು ಹೊಡೆದುಕೊಂಡು ಬರದ ಮಾಳೇಶ, ಅಂದು ನಡುಮಧ್ಯಾಹ್ನಕ್ಕೇ ಹಲ್ಲು ಕಿರಿಯುತ್ತ ಬರುತ್ತಿದ್ದ. ಮುಂದೆ ಟಗರು.

ಅದು ನೆಟ್ಟಗೆ ಬಂದು ಅಜ್ಜನ ಪಕ್ಕ ನಿಂತಿತು. ಲೆಕ್ಕವೂ ನಿಂತಿತು. ಡಾಕ್ಟರು ಟಗರನ್ನು ಮೆಲ್ಲಗೆ ಒಂದು ಹೆಜ್ಜೆ ತಳ್ಳಿದರು. ಮೊಬೈಲು 'ಒಂದು' ಎಂದು ಏರಿತು. ಮತ್ತೆ ತಳ್ಳಿದರು. ಮತ್ತೆ ಒಂದು. ಕಟ್ಟೆಯ ಮೇಲಿನ ಕಟಕಟ ಪೂರ್ತಿ ನಿಂತುಹೋಯಿತು.

"ಸಾರ್, ಇದೇ ನಿಮ್ ಒಂದನೇ ನಂಬರು," ಎಂದು ಮಾಳೇಶ, ಯತೀಶ ಟಗರಿಗೆ ಕೈಮುಗಿದ ವೀಡಿಯೋವನ್ನೂ ತೋರಿಸುತ್ತ, ಪರಿಚಯ ಮಾಡಿಸಿದ. "ಉಳಿದ ಹತ್ತೊಂಬತ್ತೂ ಹಿಂದೆ ಬರ್ತಾ ಅದಾವೆ."

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಯತೀಶ ಎಲ್ಲವನ್ನೂ ಹೇಳಿಬಿಟ್ಟ. ಉಳವಿಗೆ ಓಡಿದ್ದು, ಸುಳ್ಳು ಸಹಿ, ವಯಸ್ಸಿಗೆ ಹಾಕಿದ ಸೊನ್ನೆ, ಯಾವುದನ್ನೂ ಬಿಡಲಿಲ್ಲ.  ಮೈತ್ರಿ ನೆಲ ನೋಡುತ್ತಿದ್ದಳು. ನಾಚಿಕೆಯಿಂದ ಅವನಿಗೆ ಅಲ್ಲೇ ಭೂಮಿಗಿಳಿದು ಹೋಗಬಾರದೇ ಎನ್ನಿಸಿತು.

"ಬಾ ಇಲ್ಲಿ," ಎಂದು ಡಾಕ್ಟರು ಅವನನ್ನು ಜೀಪಿನ ಹಿಂದಕ್ಕೆ ಕರೆದುಕೊಂಡು ಹೋದರು. ಬೈಗುಳ ಕಿವಿಗೆ ಬೀಳಲಿ ಎಂದು ಇಡೀ ಕೇರಿ ಕಿವಿ ನಿಮಿರಿಸಿತು. ಆದರೆ ಡಾಕ್ಟರು ದನಿ ತಗ್ಗಿಸಿದರು.

"ನಾನು ಬಂದಳಿಕೆ ಕಡೆಯವನು ಕಣಯ್ಯ. ನಮ್ಮ ಹಿತ್ತಲಿಗೆ ತಾಗಿಯೇ ಕುರಿಹಟ್ಟಿ ಇತ್ತು. ವಯಸ್ಸು ನಾಲ್ಕಿದ್ದಲ್ಲಿ ನಲವತ್ತು ಮಾಡಿದ್ದೀಯ, ಪರವಾಗಿಲ್ಲ. ನಾಲ್ಕು ಹಲ್ಲು, ಎರಡು ಹೆರಿಗೆ, ದಿನಾ ಸೊಪ್ಪು, ಮಧ್ಯಾಹ್ನ ಮರದಡಿ ಒಟ್ಟಿಗೆ ನಿಲ್ಲೋದು. ಇದನ್ನೆಲ್ಲ ಓದಿ ಮನುಷ್ಯರು ಅಂದ್ಕೊಳ್ಳೋಕೆ ನಾನೇನು ಆನರ್ಸ್ ವಿದ್ಯಾರ್ಥಿನಾ?"

ಯತೀಶನ ಬಾಯಿ ತೆರೆದಂತೆಯೇ ಉಳಿಯಿತು. "ಅಂದ್ರೆ ನಿಮಗೆ ಮೊದಲೇ..."

"ಮೂರನೇ ದಿನವೇ ಗೊತ್ತು."

"ಮತ್ತೆ ಇಷ್ಟು ದೂರ ಯಾಕ್ ಬಂದ್ರಿ ಸರ್?"

"ಕುರಿ ನೋಡೋಕೆ," ಎಂದರು ಡಾಕ್ಟರು. ಅತ್ತಿತ್ತ ನೋಡಿ ಜೀಪಿನ ಸೀಟಿನಡಿಯಿಂದ ಒಂದು ಬಟ್ಟೆ ಚೀಲ ಎಳೆದರು. ಒಳಗೆ ಕಪ್ಪು ಪಟ್ಟಿಗಳು ತುಂಬಿದ್ದವು. "ನಮ್ಮಲ್ಲಿ ಹೊಸ ಆದೇಶ ಬಂದಿದೆ. ಸಿಬ್ಬಂದಿ ಎಲ್ಲರೂ ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೀಬೇಕು. ನಡೀದೇ ಇದ್ದೋರಿಗೆ ಬಡ್ತಿ ಇಲ್ಲ. ನಿನ್ನೆ ನಾನು ನಡೆದದ್ದು ಸಾವಿರದ ಎಂಟುನೂರು. ಅದರಲ್ಲಿ ಅರ್ಧ ಚಹಾ ಅಂಗಡಿಗೆ. ಹೀಗೊಂದು ಅನುಕೂಲ ಇದೆ ಅಂತ ಇಬ್ಬರಿಗೆ ಹೇಳಿದೆ, ನಲವತ್ತೊಂದು ಜನ ತಂದುಕೊಟ್ರು." ತಮ್ಮ ಮಣಿಕಟ್ಟಿನದನ್ನೂ ಬಿಚ್ಚಿ ಚೀಲಕ್ಕೆ ಹಾಕಿದರು. "ನನ್ನದನ್ನ ಆ ಟಗರಿಗೆ ಕಟ್ಟು. ನಡಿಗೆ ಚೆನ್ನಾಗಿದೆ."

ಯತೀಶನಿಗೆ ಹೋದ ಜೀವ ಬಂದ ಹಾಗಾಯಿತು. "ಹಾಗಾದ್ರೆ ನನ್ನ ಆನರ್ಸು ಸರ್?"

"ಅದಕ್ಕೇನೂ ಆಗಲ್ಲ. ನಾನಿದ್ದೀನಲ್ಲ."

ಯತೀಶ ಅವರ ಕಾಲು ಮುಟ್ಟಲು ಬಗ್ಗಿದ. "ಈಗಲೇ ಮಾಳೇಶಣ್ಣಂಗೆ ಹೇಳಿ ಕಟ್ಟಿಸ್ತೀನಿ ಸರ್. ಅವನು ದಿನಾ ಮೇಯಿಸ್ಕೊಂಡು ಬರ್ತಾನೆ."

"ಮಾಳೇಶನಾ? ವೀಡಿಯೋ ಮಾಡೋನ ಕೈಗೆ ಇದನ್ನ ಕೊಡ್ತಾರೇನಯ್ಯ?" ಡಾಕ್ಟರು ಕಣ್ಣು ಕೆಕ್ಕರಿಸಿದರು. "ಕ್ಷೇತ್ರಕಾರ್ಯ ವಿದ್ಯಾರ್ಥಿ ತಾನೇ ಖುದ್ದಾಗಿ ಮಾಡಬೇಕು ಅಂತ ನಿಯಮ ಇದೆ. ಅದನ್ನ ಮುರಿದೇ ಅಲ್ವಾ ನೀನು ಇವತ್ತು ಈ ಪಾಡು ಪಟ್ಟಿದ್ದು? ಬೆಳಗ್ಗೆ ಹಿಂಡು ಬಿಡೋದು ನೀನೇ, ಸಂಜೆ ಹೊಡ್ಕೊಂಡು ಬರೋದೂ ನೀನೇ."

"ಎಷ್ಟು ದಿನ ಸರ್?"

"ಆನರ್ಸ್ ಮುಗಿಯೋವರೆಗೆ. ಆಮೇಲೆ ಪಿಎಚ್.ಡಿ. ಮಾಡ್ತೀನಿ ಅಂತಿದ್ದೆಯಲ್ಲ, ಹೆದರಬೇಡ, ಅದಕ್ಕೂ ನಾನೇ ಗೈಡ್. ಐದು ವರ್ಷ ನಿಶ್ಚಿಂತೆ."

ಜೀಪು ಹೊರಟಿತು. ಮೈತ್ರಿ ಕಿಟಕಿಯಿಂದ ಕೈಬೀಸಿದಳು. ಯತೀಶನಿಗೆ ಕೈಯೆತ್ತಲೂ ಆಗಲಿಲ್ಲ. ಎರಡೂ ಕೈಯಲ್ಲಿ ಚೀಲವಿತ್ತು. ಜೀಪಿನ ಧೂಳು ಇಳಿಯುವ ಮೊದಲೇ ಮಾಳೇಶ ಬೈಕು ಹತ್ತಿ ಅಂಗಡಿಯ ಜಾಗ ನೋಡಲು ಶಿರಾಳಕೊಪ್ಪದ ದಾರಿ ಹಿಡಿದಿದ್ದ. ಅಜ್ಜನಿಗಂತೂ ಆನಂದ ತಡೆಯಲಾಗಲಿಲ್ಲ. "ಕುರಿ ಕಾಯೋದು ಕೀಳು ಅಂತಿದ್ದೆಲ್ಲಲೇ? ನೋಡು, ಯೂನಿವರ್ಸಿಟಿಯೋರೇ ಬಂದು ಹಚ್ಚಿ ಹೋದ್ರು!" ಎಂದು ತಾನೇ ಆರಿಸಿ ಆರಿಸಿ ನಲವತ್ತೆರಡು ಕುರಿಗಳ ಕಾಲಿಗೆ ಪಟ್ಟಿ ಕಟ್ಟಿಸಿದ.

ಸಂಜೆ ನಾಲ್ಕರ ಬಿಸಿಲಲ್ಲಿ ಯತೀಶ ಗೋವಿನಜೋಳದ ಹೊಲದ ನಡುವೆ ಬರಿಗಾಲಲ್ಲಿ ನಿಂತಿದ್ದ. ಅವನ ಕೈಯಲ್ಲಿ ಯಾರ ಪಟ್ಟಿ ಯಾವ ಕುರಿಗೆ ಎಂದು ಬರೆದ ಕಾಗದವಿತ್ತು. ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

"ಯತೀಶ, ಏನಯ್ಯಾ ಮಾಡ್ತಾ ಇದ್ದೀಯ? ನಮ್ಮ ಕುಲಸಚಿವರು ಅರ್ಧ ಗಂಟೆಯಿಂದ ಅಲ್ಲಾಡಿಲ್ಲ! ಈಗ ನಂಗೆ ಫೋನ್ ಮಾಡಿ ಬೈದರು."

ಯತೀಶ ಕಾಗದ ನೋಡಿದ, ಹಿಂಡು ನೋಡಿದ. ಜಾಲಿ ಮರದ ನೆರಳಲ್ಲಿ ಒಂದು ದಪ್ಪ ಕುರಿ ಕಾಲು ಮಡಚಿ ಕೂತಿತ್ತು.

"ಮೆಲುಕು ಹಾಕ್ತಾ ಇದ್ದಾರೆ ಸರ್," ಎಂದ.

"ಎಬ್ಬಿಸು ಬೇಗ!"

ಯತೀಶ ಕೂಳೆ ತುಳಿಯುತ್ತ ಮರದ ಹತ್ತಿರ ಹೋದ. ಅದರ ಮುಂದೆ ನಿಂತು ಒಂದು ಸಲ ಕೆಮ್ಮಿದ. ಆಮೇಲೆ ಸ್ವಲ್ಪ ಬಗ್ಗಿ, "ಏಳ್ರಿ ಸಾರ್," ಎಂದ.